ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವ ಮುನ್ನ: ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ?

ಎಲೆಕ್ಟ್ರಿಕ್ ಎಸ್‌ಯುವಿ ತಗೊಳ್ಳೋಣ ಅಂದುಕೊಂಡವರೆಲ್ಲ ಮೊದಲು ಕೇಳುವುದು ಒಂದೇ: "ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತೆ?" ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಆಗಿ ಬರಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು. ಆ ಜಾಗಕ್ಕೆ ನಿಮ್ಮದೇ ಮೀಟರಿನಿಂದ ಬಂದ ಒಂದು 15 ಆಂಪ್ ಸಾಕೆಟ್ ಇದೆಯೇ? ಇಲ್ಲದಿದ್ದರೆ ಹಾಕಿಸಲು ಆಗುತ್ತದೆಯೇ? ಇದಕ್ಕೆ ಹೌದು ಎನ್ನುವವರಿಗೂ ಇಲ್ಲ ಎನ್ನುವವರಿಗೂ ಕೊಳ್ಳಬೇಕಾದ ಗಾಡಿಯೇ ಬೇರೆ. ನೆಕ್ಸಾನ್ ಒಳ್ಳೆಯದೋ ಕ್ರೆಟಾ ಒಳ್ಳೆಯದೋ, ಮಹೀಂದ್ರಾದ ಬಿಇ 6 ತಗೊಳ್ಳಲೋ ಎಂಜಿ ವಿಂಡ್ಸರ್ ತಗೊಳ್ಳಲೋ ಎಂಬ ಚರ್ಚೆಯೆಲ್ಲ ಆಮೇಲಿನದು.

ಬೆಂಗಳೂರಿಗೆ ಈ ಪ್ರಶ್ನೆ ಹೊಸದೂ ಅಲ್ಲ. 2001ರಲ್ಲಿ ಇದೇ ಊರಿನಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರನ್ನು ಕೊಂಡವರೂ ಪ್ಲಗ್ ಎಲ್ಲಿದೆ ಎಂದೇ ಮೊದಲು ನೋಡಬೇಕಿತ್ತು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಈಗ ಬ್ಯಾಟರಿಯೂ ಬದಲಾಗಿದೆ, ಗಾಡಿಯ ಗಾತ್ರವೂ ಬದಲಾಗಿದೆ, ಪ್ಲಗ್ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಸ್ವಂತ ಮನೆ, ಸ್ವಂತ ಮೀಟರ್ ಇದ್ದರೆ

ಅರ್ಧ ಯುದ್ಧ ಗೆದ್ದಂತೆಯೇ. ಆದರೂ ನೋಡಿಕೊಳ್ಳಬೇಕಾದ್ದು ಕೆಲವಿದೆ.

ಗಾಡಿಯ ಜೊತೆ ಬರುವ ಪೋರ್ಟಬಲ್ ಚಾರ್ಜರ್ 15 ಆಂಪ್ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು, ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಗೆ ಹಾಕಿಸುವ ವಾಲ್‌ಬಾಕ್ಸ್ 7.2 ಕಿಲೋವ್ಯಾಟ್, ತ್ರೀ ಫೇಸ್ ಇದ್ದು ಗಾಡಿಯೂ ಒಪ್ಪಿದರೆ 11 ಕಿಲೋವ್ಯಾಟ್. 45 ಯೂನಿಟ್ಟಿನ (ಬ್ರೋಷರಿನ ಕಿಲೋವ್ಯಾಟ್-ಅವರ್ ಎಂದರೂ ಇದೇ ಯೂನಿಟ್) ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಪೋರ್ಟಬಲ್ಲಿನಲ್ಲಿ ತುಂಬಲು ಹದಿನೈದು ಗಂಟೆ ಹಿಡಿಯುತ್ತದೆ. ಇದನ್ನು ಕೇಳಿ ಅನೇಕರು ಹೆದರುತ್ತಾರೆ. ಹೆದರುವ ಅಗತ್ಯವಿಲ್ಲ, ಏಕೆಂದರೆ ಯಾರೂ ದಿನಾ ಬ್ಯಾಟರಿ ಖಾಲಿ ಮಾಡಿಕೊಂಡು ಮನೆಗೆ ಬರುವುದಿಲ್ಲ. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಬೇಕಾಗುವುದು ಏಳು ಯೂನಿಟ್, ಅಂದರೆ ಎರಡೂವರೆ ಗಂಟೆ. ರಾತ್ರಿ ಊಟಕ್ಕೆ ಕೂರುವ ಮುಂಚೆ ಸಿಕ್ಕಿಸಿದರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ.

ತೊಂದರೆ ಬರುವುದು ವೈರಿನಲ್ಲಿ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಚಾರ್ಜರ್ ಎಂಟು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ವೈರಿಂಗಿನ ಕೊನೆಯಲ್ಲಿ ಸಿಕ್ಕಿಸಿದ ಅಗ್ಗದ ಸಾಕೆಟ್ ಬಿಸಿಯಾಗಿ ಕಪ್ಪಾಗುವುದು ಹೀಗೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಮೊದಲ ವಾರ ಚಾರ್ಜ್ ಆಗುತ್ತಿರುವಾಗ ಪ್ಲಗ್ಗಿನ ಹೊರಮೈಯನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ರಾತ್ರಿಯೇ ನಿಲ್ಲಿಸಿ.

ಇನ್ನೊಂದು ಅರ್ತಿಂಗ್. ಸಕಲೇಶಪುರದ ಕಡೆ ತೋಟದ ಮನೆಯಲ್ಲಿರುವ ನಮ್ಮ ಭಾವ ಹೊಸ ಗಾಡಿ ತಂದ ದಿನ ಸಂಜೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ ಮಿನುಗುತ್ತಾ ಕೂತಿತು. ಚಾರ್ಜರ್ ಕೆಟ್ಟಿದೆ ಎಂದು ಶೋರೂಮಿನವರಿಗೆ ಫೋನ್ ಮೇಲೆ ಫೋನ್. ಮರುದಿನ ಬಂದ ಊರಿನ ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ಅಂಗಳ ಸುತ್ತಿ ಬಂದು, "ಅರ್ತಿಂಗೇ ಇಲ್ಲ ಅಣ್ಣಾ ಇಲ್ಲಿ. ತಂತಿ ಮಣ್ಣೊಳಗೆ ಹೋಗಿದೆ, ಅಷ್ಟೇ" ಎಂದ. ಹಳೇ ಮನೆಗಳಲ್ಲಿ ಫ್ರಿಜ್, ಟಿವಿ, ಮಿಕ್ಸಿ ಎಲ್ಲ ಅರ್ತಿಂಗ್ ಇಲ್ಲದೆಯೇ ವರ್ಷಗಟ್ಟಲೆ ಓಡಿರುತ್ತವೆ, ಆದ್ದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ. ಗಾಡಿಯ ಚಾರ್ಜರ್ ಮಾತ್ರ ಒಪ್ಪುವುದಿಲ್ಲ. ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪೈಪ್ ಇಳಿಸಿದ ಮೇಲೆ ದೀಪ ಹಸಿರಾಯಿತು. ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಬಿದ್ದರೂ ಚಾರ್ಜಿಂಗ್ ನಿಲ್ಲುವುದುಂಟು. ನಡುರಾತ್ರಿಯ ನಂತರಕ್ಕೆ ಟೈಮರ್ ಇಟ್ಟರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಕರ್ನಾಟಕದವರಿಗೆ ಮಾತ್ರ ಇರುವ ಒಂದು ಲೆಕ್ಕ ಗೃಹಜ್ಯೋತಿಯದು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಮನೆಗೆ 90 ಯೂನಿಟ್ ಸಾಕಾಗುತ್ತಿದ್ದು, ಈಗ ಶೂನ್ಯ ಬಿಲ್ ಬರುತ್ತಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 800 ಕಿಲೋಮೀಟರ್ ಓಡಿಸಿದರೆ ಗಾಡಿಗೆ 140 ಯೂನಿಟ್, ಒಟ್ಟು 230. ಉಚಿತ ಹೋಯಿತು. ತೆರಿಗೆ, ಸರ್ಚಾರ್ಜ್ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1,610 ರೂಪಾಯಿ, ಮೇಲೆ ಸ್ಥಿರ ಶುಲ್ಕ. ಅಷ್ಟೇ ದೂರಕ್ಕೆ ಪೆಟ್ರೋಲ್ ಗಾಡಿಗೆ ಸುಮಾರು 6,900 ರೂಪಾಯಿ ಬೇಕು. ಹಾಗಾಗಿ ಗೃಹಜ್ಯೋತಿ ಹೋಗುತ್ತದೆಂದು ಗಾಡಿ ಬಿಡುವುದು ಬೇಡ, ಆದರೆ "ಖರ್ಚು ಬರೀ ಕಿಲೋಮೀಟರಿಗೆ ಒಂದು ರೂಪಾಯಿ" ಎಂಬ ಸೇಲ್ಸ್‌ಮನ್ ಮಾತಿಗೆ ಈ ಬಿಲ್ಲನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ. ಗಾಡಿಗೆಂದು ಪ್ರತ್ಯೇಕ ಮೀಟರ್ ಸಿಗುತ್ತದೆಯೇ, ಅದಕ್ಕೆ ಯಾವ ದರ, ಎಷ್ಟು ಡೆಪಾಸಿಟ್ ಎಂದು ನಿಮ್ಮ ಎಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಮೊದಲೇ ವಿಚಾರಿಸಿ. ಮನೆಯ ಮಂಜೂರಾದ ಲೋಡ್ ಎಷ್ಟೆಂಬುದು ಬಿಲ್ಲಿನಲ್ಲೇ ಇರುತ್ತದೆ. 3 ಕಿಲೋವ್ಯಾಟಿನ ಮನೆಗೆ 7.2ರ ವಾಲ್‌ಬಾಕ್ಸ್ ಹಾಕಿಸಬೇಕಾದರೆ ಲೋಡ್ ಹೆಚ್ಚಿಸಿಕೊಳ್ಳಲೇಬೇಕು.

ಅಪಾರ್ಟ್‌ಮೆಂಟ್, ಬಾಡಿಗೆ ಮನೆ

ಕೇಂದ್ರ ವಿದ್ಯುತ್ ಸಚಿವಾಲಯ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿಮಗಿರುವ ಸಂಪರ್ಕದಿಂದಲೇ ನಿಮ್ಮ ಗಾಡಿ ಚಾರ್ಜ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಕಾಗದದ ಮೇಲೆ ಅಷ್ಟು. ಬೇಸ್‌ಮೆಂಟಿನಲ್ಲಿ ನಿಮ್ಮ ಪಾರ್ಕಿಂಗ್ ಜಾಗ ಎರಡನೇ ಕೆಳಮಹಡಿಯ ಮೂಲೆಯಲ್ಲಿ, ಮೀಟರ್ ರೂಮು ಮತ್ತೊಂದು ಮೂಲೆಯಲ್ಲಿ ಇದ್ದಾಗ ನಡುವಿನ ಎಂಬತ್ತು ಮೀಟರ್ ಕೇಬಲ್ ಯಾವ ಕಂಬ ಬಳಸಿ ಹೋಗಬೇಕು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಸಂಘದ ಒಪ್ಪಿಗೆ ಪತ್ರ ಕೈಗೆ ಬರುವ ತನಕ ಬುಕ್ಕಿಂಗ್ ಮೊತ್ತ ಕಟ್ಟಬೇಡಿ. "ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ನೋಡೋಣ" ಎಂಬುದು ಒಪ್ಪಿಗೆಯಲ್ಲ.

ಎಲ್ಲರಿಗೂ ಸೇರಿ ಒಂದೆರಡು ಚಾರ್ಜರ್ ಇರುವ ಸಂಕೀರ್ಣಗಳಲ್ಲಿ ಎರಡು ವಿಷಯ ಕೇಳಿ. ಯೂನಿಟ್ಟಿಗೆ ಎಷ್ಟು ಹಾಕುತ್ತಾರೆ, ಮತ್ತು ಕರೆಂಟು ಹೋದಾಗ ಆ ಚಾರ್ಜರ್ ಜನರೇಟರಿಗೆ ಬೀಳುತ್ತದೆಯೇ. ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಗಾಡಿ ತುಂಬಿಸುವುದಕ್ಕಿಂತ ದುಬಾರಿ ತಮಾಷೆ ಇನ್ನೊಂದಿಲ್ಲ.

ಬಾಡಿಗೆ ಮನೆ, ಬೀದಿ ಬದಿ ಪಾರ್ಕಿಂಗ್ ಇರುವವರಿಗೆ ನೇರವಾಗಿಯೇ ಹೇಳುತ್ತೇನೆ: ಆಫೀಸಿನಲ್ಲಿ ನಿತ್ಯ ಚಾರ್ಜಿಂಗ್ ಸಿಗುವುದಾದರೆ ಯೋಚಿಸಿ, ಇಲ್ಲದಿದ್ದರೆ ಸದ್ಯಕ್ಕೆ ಪೆಟ್ರೋಲ್ ಎಂಜಿನ್ನೂ ಮೋಟಾರೂ ಎರಡೂ ಇರುವ ಹೈಬ್ರಿಡ್ ನೋಡಿ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್‌ನಂಥ ಸ್ಟ್ರಾಂಗ್ ಹೈಬ್ರಿಡ್‌ಗಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವಾಗ ಬಹುಪಾಲು ಮೋಟಾರಿನಲ್ಲೇ ಓಡುತ್ತವೆ, ಪ್ಲಗ್ ಕೇಳುವುದಿಲ್ಲ. ವಾರಕ್ಕೆರಡು ಬಾರಿ ಮಾಲಿನ ಚಾರ್ಜರ್ ಮುಂದೆ ಸರದಿ ಕಾಯುವುದು ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ನಡೆದುಹೋಗುತ್ತದೆ, ಆರನೇ ತಿಂಗಳಲ್ಲಿ ಗಾಡಿಯ ಮೇಲೇ ಸಿಟ್ಟು ಬರುತ್ತದೆ.

ಕಿಲೋಮೀಟರಿಗೆ ಎಷ್ಟು ಬೀಳುತ್ತದೆ?

ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಆಸುಪಾಸು ಹಿಡಿದು, ಮಧ್ಯಮ ಗಾತ್ರದ ಎಸ್‌ಯುವಿಗೆ ಲೆಕ್ಕ ಹಾಕೋಣ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಆಟೊಮ್ಯಾಟಿಕ್ 12 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 8 ರೂಪಾಯಿ 60 ಪೈಸೆ. ಹೈಬ್ರಿಡ್ 21 ಕೊಟ್ಟರೆ 4 ರೂಪಾಯಿ 90 ಪೈಸೆ. ಎಲೆಕ್ಟ್ರಿಕ್ ಗಾಡಿ ಬ್ಯಾಟರಿಯ ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಓಡಿದರೂ, ಚಾರ್ಜ್ ಮಾಡುವಾಗ ಶೇಕಡ ಹತ್ತು-ಹನ್ನೆರಡು ಶಾಖವಾಗಿ ಸೋರಿಹೋಗುವುದರಿಂದ ಮೀಟರಿನ ಯೂನಿಟ್ಟಿಗೆ 5.7 ಎಂದೇ ಹಿಡಿಯಬೇಕು. 7 ರೂಪಾಯಿ ದರದಲ್ಲಿ 1 ರೂಪಾಯಿ 23 ಪೈಸೆ.

ಇದು ಊರೊಳಗಿನ ಚಿತ್ರ. ಹೈವೇಗೆ ಹೋದರೆ ಲೆಕ್ಕವೇ ಬೇರೆ. ಹೊರಗಿನ ಫಾಸ್ಟ್ ಚಾರ್ಜರ್‌ಗಳಲ್ಲಿ ಶೇಕಡ 18 ಜಿಎಸ್‌ಟಿ ಸೇರಿ ಯೂನಿಟ್ಟಿಗೆ 20ರಿಂದ 25 ರೂಪಾಯಿ ಬೀಳುವುದು ಸಾಮಾನ್ಯ. ನೂರರ ವೇಗದಲ್ಲಿ ಯೂನಿಟ್ಟಿಗೆ ಐದೂವರೆ ಕಿಲೋಮೀಟರ್ ಸಿಕ್ಕರೆ ಕಿಲೋಮೀಟರಿಗೆ 4 ರೂಪಾಯಿ. ಡೀಸೆಲ್ ಗಾಡಿ ಅದೇ ರಸ್ತೆಯಲ್ಲಿ ಲೀಟರಿಗೆ 18 ಕೊಟ್ಟರೆ 5 ರೂಪಾಯಿ. ಉಳಿತಾಯ ಒಂದೇ ರೂಪಾಯಿ! ವಾರಕ್ಕೊಮ್ಮೆ ಹುಬ್ಬಳ್ಳಿ-ಬೆಂಗಳೂರು ಓಡಾಡುವ ಗುತ್ತಿಗೆದಾರರು, ಮಾರ್ಕೆಟಿಂಗಿನವರು ಡೀಸೆಲ್ಲನ್ನು ಬಿಡದೇ ಇರುವುದಕ್ಕೆ ಕಾರಣ ಹಳೇ ಅಭ್ಯಾಸವಷ್ಟೇ ಅಲ್ಲ.

ಮನೆಯಲ್ಲೇ ಚಾರ್ಜ್ ಮಾಡಿ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಪೆಟ್ರೋಲಿಗೆ ಹೋಲಿಸಿದರೆ ವರ್ಷಕ್ಕೆ ಸುಮಾರು 88,000 ರೂಪಾಯಿ ಮಿಗುತ್ತದೆ. ಎರಡು ಗಾಡಿಗಳ ಆನ್‌ರೋಡ್ ಬೆಲೆಯ ಅಂತರ ಮೂರು ಲಕ್ಷವಿದ್ದರೆ ಮೂರೂವರೆ ವರ್ಷಕ್ಕೆ ಅದು ತೀರುತ್ತದೆ. ತಿಂಗಳಿಗೆ 400 ಕಿಲೋಮೀಟರ್ ಮಾತ್ರ ಓಡಿಸುವ, ಮೆಟ್ರೊದಲ್ಲಿ ಆಫೀಸಿಗೆ ಹೋಗುವ ಮನೆಯವರಿಗೆ ಅದೇ ಅಂತರ ತೀರಲು ಎಂಟೂವರೆ ವರ್ಷ. ಅಂಥವರು ಎಲೆಕ್ಟ್ರಿಕ್ ತಗೊಳ್ಳಬಾರದೆಂದಲ್ಲ. ಸದ್ದಿಲ್ಲದ ಓಟ, ಗೇರ್ ಬದಲಿಸುವ ರಗಳೆ ಇಲ್ಲದ ಪಿಕಪ್, ಇವಕ್ಕಾಗಿ ತಗೊಳ್ಳಲಿ. ದುಡ್ಡು ಉಳಿಸಲೆಂದು ತಗೊಂಡರೆ ಮಾತ್ರ ಲೆಕ್ಕ ಕೂಡುವುದಿಲ್ಲ.

ಇಲ್ಲಿ ಇನ್ನೊಂದು ಬದಲಾವಣೆ ಗಮನಿಸಬೇಕು. ಎಲೆಕ್ಟ್ರಿಕ್ ಗಾಡಿಗಳಿಗೆ 2019ರಿಂದಲೂ ಜಿಎಸ್‌ಟಿ ಶೇಕಡ 5. ಆದರೆ 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿ ತನಕದ ಪೆಟ್ರೋಲ್ ಗಾಡಿಗಳ ತೆರಿಗೆ 18ಕ್ಕೆ ಇಳಿಯಿತು. ನೆಕ್ಸಾನ್, ಪಂಚ್ ಅಳತೆಯ ಗಾಡಿಗಳಲ್ಲಿ ಪೆಟ್ರೋಲ್ ಅಗ್ಗವಾಗಿ, ಎಲೆಕ್ಟ್ರಿಕ್ಕಿನೊಂದಿಗಿನ ಅಂತರ ಮತ್ತೆ ಹಿಗ್ಗಿತು. ಹಳೆಯ ವಿಡಿಯೊಗಳಲ್ಲಿರುವ ಹೋಲಿಕೆಯ ಲೆಕ್ಕಗಳನ್ನು ನಂಬಿಕೊಂಡು ಕೂರಬೇಡಿ.

ಹೇಳಿದಷ್ಟು ಓಡುತ್ತದೆಯೇ? ಘಾಟಿ ಹತ್ತುತ್ತದೆಯೇ?

ಹೇಳಿದಷ್ಟು ಓಡುವುದಿಲ್ಲ. ಜಾಹೀರಾತಿನಲ್ಲಿರುವ ಸಂಖ್ಯೆ ಪ್ರಯೋಗಾಲಯದ್ದು, ಮೂಗಿಗೆ ತುಪ್ಪ ಸವರುವಂಥದ್ದು. 45 ಯೂನಿಟ್ಟಿನ ನೆಕ್ಸಾನ್ ಇವಿಗೆ 2024ರಲ್ಲಿ ಘೋಷಿಸಿದ ರೇಂಜ್ 489 ಕಿಲೋಮೀಟರ್. ನಿಜವಾದ ರಸ್ತೆಯಲ್ಲಿ 350ರಿಂದ 370 ಎಂದು ಟಾಟಾದವರೇ ಬೇರೆಯಾಗಿ ಹೇಳುತ್ತಾರೆ. ಹೈವೇಯಲ್ಲಿ ಅದೂ ಸಿಗುವುದಿಲ್ಲ.

ನಾನು ಬಳಸುವ ಲೆಕ್ಕ ಸರಳ. ಪ್ರಯಾಣದಲ್ಲಿ ಯಾರೂ ಬ್ಯಾಟರಿಯನ್ನು ನೂರರಿಂದ ಸೊನ್ನೆಯ ತನಕ ಇಳಿಸುವುದಿಲ್ಲ. ಹತ್ತಕ್ಕೆ ಬಂದಾಗ ಎದೆ ಡವಡವ ಅನ್ನುತ್ತದೆ, ಎಂಬತ್ತು ದಾಟಿದ ಮೇಲೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುತ್ತದೆ. ಹೀಗಾಗಿ ಕೈಗೆ ಸಿಗುವುದು ಬ್ಯಾಟರಿಯ ಶೇಕಡ ಎಪ್ಪತ್ತು, ತೊಂಬತ್ತರ ತನಕ ತುಂಬಿಸಿಕೊಂಡರೆ ಹೆಚ್ಚೆಂದರೆ ಐದರಲ್ಲಿ ನಾಲ್ಕು ಪಾಲು. 45 ಯೂನಿಟ್ಟಿನ ಗಾಡಿಗೆ 36 ಯೂನಿಟ್, ಐದೂವರೆಯಿಂದ ಗುಣಿಸಿದರೆ 198. ಅಂದರೆ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಇನ್ನೂರು ಕಿಲೋಮೀಟರ್. ಬಿಇ 6, ಎಕ್ಸ್‌ಇವಿ 9ಇಗಳ 79 ಯೂನಿಟ್ಟಿನ ಬ್ಯಾಟರಿಗೆ, ಗಾಡಿ ದೊಡ್ಡದಾದ್ದರಿಂದ ಐದರಿಂದ ಗುಣಿಸಿದರೂ ಮುನ್ನೂರರ ಮೇಲೆ.

ಬೆಂಗಳೂರಿನಿಂದ ಮಂಗಳೂರು 350 ಕಿಲೋಮೀಟರ್. ದೊಡ್ಡ ಬ್ಯಾಟರಿಯ ಗಾಡಿ ಕಾಫಿಗೆ ನಿಂತಷ್ಟು ಹೊತ್ತು ಚಾರ್ಜ್ ಮಾಡಿಕೊಂಡು ಮುಟ್ಟುತ್ತದೆ. 45 ಯೂನಿಟ್ಟಿನದು ಹಾಸನದಲ್ಲಿ ಮುಕ್ಕಾಲು ಗಂಟೆ ನಿಲ್ಲಲೇಬೇಕು, ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಕಾದಂತೆ ಅನ್ನಿಸುವುದಿಲ್ಲ.

ಇನ್ನು ಶಿರಾಡಿ ಘಾಟಿ. "ಘಾಟಿಯಲ್ಲಿ ಬ್ಯಾಟರಿ ನುಂಗಿಬಿಡುತ್ತೆ" ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ: ಜನ, ಸಾಮಾನು ಸೇರಿ 1,800 ಕೆಜಿ ತೂಗುವ ಗಾಡಿಯನ್ನು 800 ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ನಾಲ್ಕು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಮೋಟಾರಿನ ನಷ್ಟ ಸೇರಿದರೆ ನಾಲ್ಕೂವರೆ. ಗುಂಡ್ಯದಿಂದ ಸಕಲೇಶಪುರ ಹತ್ತುವುದಕ್ಕೆ ಮಾಮೂಲಿ ಖರ್ಚಿನ ಮೇಲೆ ಬೀಳುವ ಹೊರೆ ಅಷ್ಟೇ, ಬ್ಯಾಟರಿಯ ಹತ್ತನೇ ಒಂದು ಭಾಗ. ಇಳಿಯುವಾಗ ರೀಜನ್ ಬ್ರೇಕಿಂಗಿನಲ್ಲಿ (ವೇಗ ತಗ್ಗಿಸುವಾಗ ಮೋಟಾರೇ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುವ ವ್ಯವಸ್ಥೆ) ಅದರ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತದೆ. ಬ್ರೇಕ್ ಪೆಡಲ್ ಮುಟ್ಟದೆ ತಿರುವಿನಿಂದ ತಿರುವಿಗೆ ಇಳಿಯುತ್ತಾ, ಶೇಕಡಾವಾರು ಸಂಖ್ಯೆ ಒಂದೊಂದಾಗಿ ಏರುವುದನ್ನು ಮೊದಲ ಸಲ ನೋಡಿದವರು ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಘಾಟಿ ಇಳಿಯುವ ಮುನ್ನ ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ಬ್ಯಾಟರಿಯನ್ನು ನೂರಕ್ಕೆ ತುಂಬಿಸಬೇಡಿ. ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬರುವ ಕರೆಂಟಿಗೆ ಜಾಗವಿರುವುದಿಲ್ಲ, ರೀಜನ್ ಕೆಲಸ ಮಾಡುವುದಿಲ್ಲ, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಎಂಬತ್ತೈದರಲ್ಲಿ ನಿಲ್ಲಿಸಿ ಹೊರಡಿ.

ಬ್ಯಾಟರಿ ನುಂಗುವುದು ಘಾಟಿಯಲ್ಲ, ನೆಟ್ಟನೆಯ ನಾಲ್ಕು ಪಥದ ರಸ್ತೆ. ಎಂಬತ್ತರಲ್ಲಿ ಹೋಗುವ ಗಾಡಿಯನ್ನು ನೂರಹತ್ತಕ್ಕೆ ಏರಿಸಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮಿತಿ ದಾಟಿದರೆ ಕ್ಯಾಮೆರಾದವರ ದಂಡ ಬೇರೆ.

ಚಾರ್ಜರ್‌ಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂದಿದೆ. 2025ರ ಆರಂಭದ ಸರ್ಕಾರಿ ಲೆಕ್ಕದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು. ಅದರಲ್ಲಿ ಬಹುಪಾಲು ಬೆಂಗಳೂರಿನಲ್ಲೇ. ಮೈಸೂರು, ಹಾಸನ, ಮಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಸಾಲಿನಲ್ಲಿ ತೊಂದರೆಯಿಲ್ಲ. ಹೆದ್ದಾರಿ ಬಿಟ್ಟು ಯಾದಗಿರಿ, ರಾಯಚೂರಿನ ಒಳಭಾಗಕ್ಕೋ, ಹೊಸನಗರ, ಸಿದ್ದಾಪುರದ ಕಡೆಗೋ ಹೋಗುವವರು ಹೊರಡುವ ಮುನ್ನ ನಕ್ಷೆ ನೋಡಿಕೊಳ್ಳಬೇಕು. ಬೆಸ್ಕಾಂನ ಇವಿ ಮಿತ್ರ, ಟಾಟಾ ಪವರ್, ಜಿಯಾನ್, ಸ್ಟ್ಯಾಟಿಕ್, ಜಿಯೋ-ಬಿಪಿ ಎಂದು ಒಬ್ಬೊಬ್ಬರದೂ ಒಂದೊಂದು ಆ್ಯಪ್. ಒಂದೊಂದರ ವ್ಯಾಲೆಟ್ಟಿನಲ್ಲೂ ಇನ್ನೂರು ಮುನ್ನೂರು ರೂಪಾಯಿ ಸಿಕ್ಕಿಕೊಂಡಿರುತ್ತದೆ, ಅದನ್ನು ಖರ್ಚೆಂದೇ ಬರೆದುಬಿಡಿ.

ಗಾಡಿ 175 ಕಿಲೋವ್ಯಾಟ್ ವೇಗದಲ್ಲಿ ಚಾರ್ಜ್ ಆಗುತ್ತದೆ ಎಂಬ ಮಾತಿಗೂ ಮರುಳಾಗಬೇಡಿ. 60 ಕಿಲೋವ್ಯಾಟಿನ ಮಷೀನಿಗೆ ಎರಡು ಗನ್ (ಗಾಡಿಗೆ ಸಿಕ್ಕಿಸುವ ಹಿಡಿಕೆ) ಇದ್ದು, ಪಕ್ಕದಲ್ಲೊಬ್ಬರು ಸಿಕ್ಕಿಸಿದ್ದರೆ ನಿಮಗೆ ಸಿಗುವುದು ಮೂವತ್ತು. ನಿಮ್ಮೂರಿನ ದಾರಿಯಲ್ಲಿ ಎಷ್ಟು ಕಿಲೋವ್ಯಾಟಿನ ಚಾರ್ಜರ್‌ಗಳಿವೆ ಎಂಬುದೇ ನಿಮ್ಮ ಗಾಡಿಯ ಚಾರ್ಜಿಂಗ್ ವೇಗ.

ಯಾವ ಅಳತೆಯ ಬ್ಯಾಟರಿ, ಯಾವ ಗಾಡಿ?

ಇಷ್ಟು ಗೊತ್ತಾದ ಮೇಲೆ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಊರೊಳಗೇ ಓಡಾಟ, ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಗಾಡಿ ಇದೆ ಎಂದಾದರೆ ಪಂಚ್ ಇವಿ, 30 ಯೂನಿಟ್ಟಿನ ನೆಕ್ಸಾನ್, 38 ಯೂನಿಟ್ಟಿನ ವಿಂಡ್ಸರ್ ಸಾಕು. ದೊಡ್ಡ ಬ್ಯಾಟರಿಗೆ ಕೊಡುವ ಮೂರು ನಾಲ್ಕು ಲಕ್ಷ ವರ್ಷಕ್ಕೆರಡು ಧರ್ಮಸ್ಥಳದ ಪ್ರಯಾಣಕ್ಕಷ್ಟೇ ಉಪಯೋಗವಾಗುತ್ತದೆ. ಮನೆಗೆ ಇದೊಂದೇ ಗಾಡಿ, ತಿಂಗಳಿಗೊಮ್ಮೆ ಊರಿಗೆ ಹೋಗಲೇಬೇಕು ಎನ್ನುವವರು 45ಕ್ಕಿಂತ ಕೆಳಗಿಳಿಯಬೇಡಿ: ನೆಕ್ಸಾನ್ 45, 51.4 ಯೂನಿಟ್ಟಿನ ಕ್ರೆಟಾ ಎಲೆಕ್ಟ್ರಿಕ್, 55ರ ಕರ್ವ್, 52.9ರ ವಿಂಡ್ಸರ್ ಪ್ರೊ ಈ ಸಾಲಿನವು. ಹೈವೇ ಓಡಾಟವೇ ಹೆಚ್ಚು ಎನ್ನುವವರಿಗೆ ಬಿಇ 6, ಎಕ್ಸ್‌ಇವಿ 9ಇ, 75 ಯೂನಿಟ್ಟಿನ ಹ್ಯಾರಿಯರ್. ಕಾಫಿ ತೋಟದ ಕೆಸರು ದಾರಿಯವರು ಹ್ಯಾರಿಯರಿನ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯನ್ನೊಮ್ಮೆ ಓಡಿಸಿ ನೋಡಲೇಬೇಕು.

ಹೋಲಿಸುವಾಗ ಹಿಂದಿನ ಸೀಟಿನಲ್ಲಿ ಕೂರುವುದನ್ನು ಮರೆಯಬೇಡಿ. ಬ್ಯಾಟರಿ ನೆಲದಡಿ ಇರುವುದರಿಂದ ಪೆಟ್ರೋಲ್ ಗಾಡಿಯನ್ನೇ ಎಲೆಕ್ಟ್ರಿಕ್ ಮಾಡಿದ ಮಾದರಿಗಳಲ್ಲಿ ನೆಲ ಒಂದಿಷ್ಟು ಮೇಲಕ್ಕೆ ಬಂದಿರುತ್ತದೆ. ಕೂತರೆ ಮಂಡಿ ಎದೆಯ ಕಡೆಗೆ ಏರುತ್ತದೆ, ತೊಡೆಗೆ ಆಧಾರ ಸಿಗುವುದಿಲ್ಲ. ಮಂಡಿನೋವಿನ ಅಮ್ಮನನ್ನೋ ಅತ್ತೆಯನ್ನೋ ಶೋರೂಮಿಗೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಹಿಂದೆ ಕೂರಿಸಿ. ಅವರು ಇಳಿಯುವಾಗ ಯಾವುದನ್ನು ಹಿಡಿದುಕೊಂಡು ಎದ್ದರು ಎಂಬುದು ಬ್ರೋಷರಿನಲ್ಲಿ ಸಿಗುವುದಿಲ್ಲ.

ಬ್ಯಾಟರಿಯ ಒಳಗಿನ ರಸಾಯನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ನೆಕ್ಸಾನ್, 38ರ ವಿಂಡ್ಸರ್, ಬಿಇ 6ಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಇದು ಬಿಸಿಲು ತಾಳುತ್ತದೆ, ಹೆಚ್ಚು ಬಾರಿ ಚಾರ್ಜ್ ಮಾಡಿದರೂ ಬಾಳುತ್ತದೆ, ಕಂಪನಿ ಹೇಳಿದಂತೆ ಆಗಾಗ ನೂರಕ್ಕೆ ತುಂಬಿಸಬೇಕು. ಇಲ್ಲದಿದ್ದರೆ ಮೀಟರಿನ ಶೇಕಡಾವಾರು ಲೆಕ್ಕ ತಪ್ಪುತ್ತದೆ. ಕ್ರೆಟಾದಲ್ಲಿರುವುದು ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್, ಅಂದರೆ ಎನ್‌ಎಂಸಿ. ಅಷ್ಟೇ ತೂಕಕ್ಕೆ ಹೆಚ್ಚು ಶಕ್ತಿ ಹಿಡಿಯುತ್ತದೆ, ನಿತ್ಯ ಬಳಕೆಗೆ ಎಂಬತ್ತರಲ್ಲಿ ನಿಲ್ಲಿಸುವುದು ಒಳ್ಳೆಯದು.

ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಮಹೀಂದ್ರಾ, ಎಂಜಿ, ಟಾಟಾ ಕೆಲವು ಮಾದರಿಗಳಿಗೆ "ಲೈಫ್‌ಟೈಮ್" ಕೊಡುತ್ತಿವೆ. ಅದು ಮೊದಲ ಮಾಲೀಕರಿಗೆ ಮಾತ್ರ, ಟಾಟಾದ ಲೆಕ್ಕದಲ್ಲಿ ಆಯುಷ್ಯವೆಂದರೆ ನೋಂದಣಿಯಿಂದ 15 ವರ್ಷ. ಗಾಡಿ ಕೈ ಬದಲಾದ ಕೂಡಲೇ ಮಿತಿ ಬರುತ್ತದೆ. ಆರು ವರ್ಷಕ್ಕೆ ಮಾರುವ ಯೋಚನೆಯಿದ್ದರೆ ಎರಡನೇ ಮಾಲೀಕರಿಗೆ ಎಷ್ಟು ಉಳಿಯುತ್ತದೆ ಎಂಬುದೇ ನಿಮ್ಮ ಮರುಮಾರಾಟದ ಬೆಲೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಧಿಕೃತ ಸರ್ವಿಸ್ ಸೆಂಟರಿನಿಂದ ಬ್ಯಾಟರಿ ಆರೋಗ್ಯದ ವರದಿ ಇಲ್ಲದೆ ಮುಂಗಡ ಕೊಡಬೇಡಿ.

ಬ್ಯಾಟರಿ ಬಾಡಿಗೆಗೆ ತಗೊಳ್ಳುವುದೇ?

2024ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಎಂದಿದ್ದರು. ಬ್ಯಾಟರಿ ಸಮೇತ ಅದೇ ಗಾಡಿ 13.50 ಲಕ್ಷ. ಅಂತರ ಮೂರೂವರೆ ಲಕ್ಷ, ಅಂದರೆ ಸರಿಯಾಗಿ ಒಂದು ಲಕ್ಷ ಕಿಲೋಮೀಟರಿನ ಬಾಡಿಗೆ. ಅದಕ್ಕಿಂತ ಕಡಿಮೆ ಓಡಿಸುವವರಿಗೆ ಲಾಭದಂತೆ ಕಾಣುತ್ತದೆ. ಆದರೆ ಫೈನಾನ್ಸಿನವರು ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ದುಡ್ಡು ಕಟ್ಟಲೇಬೇಕು ಎಂಬ ಷರತ್ತು ಹಾಕಿದ್ದರೆ ಆ ಲಾಭ ಅಲ್ಲೇ ಕರಗಿತು. ಕರೆಂಟಿನ ಖರ್ಚು ಸೇರಿದರೆ ಕಿಲೋಮೀಟರಿಗೆ 4 ರೂಪಾಯಿ 70 ಪೈಸೆ, ಹೆಚ್ಚುಕಡಿಮೆ ಹೈಬ್ರಿಡ್ಡಿನಷ್ಟೇ. ಇದು ಬೇರೆ ಹೆಸರಿನ ಸಾಲ ಎಂದೇ ತಿಳಿದು, ಬ್ಯಾಂಕಿನ ಕಂತಿನ ಪಕ್ಕದಲ್ಲಿಟ್ಟು ನೋಡಿ. ಕೈಯಲ್ಲಿ ದುಡ್ಡು ಕಡಿಮೆಯಿದ್ದು, ಆ ಕನಿಷ್ಠ ಮಿತಿಯಷ್ಟು ಓಟ ಇರುವವರಿಗೆ ಒಗ್ಗಬಹುದು. ನನಗಂತೂ ಅರ್ಧ ಗಾಡಿ ನನ್ನದು, ಇನ್ನರ್ಧ ಇನ್ನೊಬ್ಬರದು ಎಂಬುದು ಇಷ್ಟವಿಲ್ಲ.

ಮಳೆ, ಹಂಪು, ಪಂಕ್ಚರ್

ಮಳೆಯಲ್ಲಿ ಶಾಕ್ ಹೊಡೆಯುತ್ತದೆಯೇ ಎಂದು ಈಗಲೂ ಕೇಳುವವರಿದ್ದಾರೆ. ಇಲ್ಲ. ಬ್ಯಾಟರಿ ಪ್ಯಾಕ್ ಐಪಿ67 ಮಟ್ಟದ್ದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡಿರುತ್ತಾರೆ. ಹಾಗೆಂದು 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಂಥ ನೀರಿಗೆ ಇಳಿಸಬೇಡಿ. ಪ್ಯಾಕ್ ಉಳಿದರೂ ಸೀಟು, ವೈರು, ಸಣ್ಣ ಕಂಟ್ರೋಲರ್‌ಗಳು ಉಳಿಯುವುದಿಲ್ಲ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಜಾಗದಲ್ಲಿ ಬ್ಯಾಟರಿ ಮತ್ತು ಮೋಟಾರಿನ ರಕ್ಷಣೆ ಇದೆಯೇ ನೋಡಿ. ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಎಲೆಕ್ಟ್ರಿಕ್ ಗಾಡಿಗೆ ಶೇಕಡ 15 ರಿಯಾಯಿತಿ ಇದೆ, ಕೊಟೇಷನ್ನಿನಲ್ಲಿ ಅದು ಬಂದಿದೆಯೇ ಎಂದೂ ನೋಡಿ.

ಮಳೆಗಿಂತ ಭಯ ನಮ್ಮೂರ ಹಂಪುಗಳದ್ದು. ಐದು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ತುಂಬಿದಾಗ ಅಡಿ ತಾಗಿದರೆ ತಾಗುವುದು ಬ್ಯಾಟರಿಯ ಕವಚಕ್ಕೆ. ಟೆಸ್ಟ್ ಡ್ರೈವಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು, ನಿಮ್ಮ ಬೀದಿಯ ಅತಿ ಕೆಟ್ಟ ಹಂಪಿನ ಮೇಲೆ ಹತ್ತಿಸಿ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ಟೋ ಕೇಳಿ. ಚಾರ್ಮಾಡಿಯಲ್ಲಿ ಟೈರಿನ ಪಕ್ಕ ಹರಿದರೆ ಕಿಟ್ಟಿನಿಂದ ಏನೂ ಆಗುವುದಿಲ್ಲ. ತೂಕವೂ ಪಿಕಪ್ಪೂ ಹೆಚ್ಚಿರುವುದರಿಂದ ಟೈರ್ ಬೇಗ ಸವೆಯುತ್ತದೆ. ಎಂಜಿನ್ ಆಯಿಲ್ಲಿನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ಗಾಡಿ ಏಕಾಏಕಿ ಸತ್ತಂತೆ ನಿಂತರೆ ದೊಡ್ಡ ಬ್ಯಾಟರಿಯನ್ನು ಬೈಯುವ ಮುನ್ನ 12 ವೋಲ್ಟಿನ ಚಿಕ್ಕದನ್ನು ನೋಡಿ. ಬಾಗಿಲು, ಸ್ಕ್ರೀನು, ಗಾಡಿಯನ್ನು ಎಬ್ಬಿಸುವ ರಿಲೇಗಳೆಲ್ಲ ಅದರಿಂದಲೇ ನಡೆಯುವುದು. ಅದು ಕೂತರೆ ದೊಡ್ಡದರಲ್ಲಿ ಎಂಬತ್ತು ಶೇಕಡ ಇದ್ದರೂ ಗಾಡಿ ಕದಲುವುದಿಲ್ಲ.

ತೆರಿಗೆಯ ಗೆರೆ, ಬುಕ್ಕಿಂಗಿನ ದಿನ

ಪೆಟ್ರೋಲ್ ಗಾಡಿಗೆ ಕರ್ನಾಟಕದ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18, ಮೇಲೆ ಸೆಸ್. ಎಲೆಕ್ಟ್ರಿಕ್ಕಿಗೆ ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ ಕಾಯ್ದೆ ತಿದ್ದಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇಕಡ 10 ಹಾಕಿದರು. ಬಿಇ 6, ಎಕ್ಸ್‌ಇವಿ 9ಇ, ಹ್ಯಾರಿಯರುಗಳ ಮೇಲಿನ ಮಾದರಿಗಳು ಈ ಗೆರೆಯ ಆಚೆಗೆ ಬೀಳುತ್ತವೆ. 26 ಲಕ್ಷದ ಗಾಡಿಗೆ ಎರಡು ಲಕ್ಷ ಅರವತ್ತು ಸಾವಿರ ತೆರಿಗೆ ಎಂದರೆ ಸನ್‌ರೂಫಿಗೂ ಸ್ಪೀಕರಿಗೂ ಕೊಟ್ಟದ್ದರ ಮೇಲೆ ಮತ್ತಷ್ಟು. ಒಂದು ಮಾದರಿ ಕೆಳಗಿಳಿದರೆ ಎಷ್ಟು ಉಳಿಯುತ್ತದೆ ನೋಡಿ. ಈ ದರಗಳನ್ನು ಸರ್ಕಾರ ಮುಟ್ಟುತ್ತಲೇ ಇರುತ್ತದೆ, ಆದ್ದರಿಂದ ಬುಕ್ ಮಾಡುವ ದಿನ ಡೀಲರ್ ಕೊಡುವ ಆನ್‌ರೋಡ್ ಚೀಟಿಯಲ್ಲಿ ತೆರಿಗೆಯ ಸಾಲನ್ನು ಬೆರಳಿಟ್ಟು ಓದಿ.

ಟೆಸ್ಟ್ ಡ್ರೈವಿನಲ್ಲಿ ರೇಂಜ್ ತೋರಿಸುವ ಸಂಖ್ಯೆ ನೋಡಬೇಡಿ, ಅದು ಹಿಂದೆ ಓಡಿಸಿದವರ ಕಾಲಿನ ಲೆಕ್ಕ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಏಸಿ ಹಾಕಿ, ನೀವು ನಿತ್ಯ ಹೋಗುವ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ, ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಬಂತೆಂದು ಬರೆದುಕೊಳ್ಳಿ. ಎರಡು ಗಾಡಿಗಳನ್ನು ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡಿಸಿದರೆ ಮಾತ್ರ ಹೋಲಿಕೆ. ಬುಕ್ಕಿಂಗಿಗೆ ಮುಂಚೆ ಚಾರ್ಜರ್ ಹಾಕುವವರು ಮನೆಗೆ ಬಂದು ಜಾಗ ನೋಡಿ ಹೋಗಲಿ. ವೈರಿನ ಎಷ್ಟು ಮೀಟರ್ ಉಚಿತ, ಮಿಕ್ಕಿದ್ದಕ್ಕೆ ಮೀಟರಿಗೆ ಎಷ್ಟು, ಅರ್ತಿಂಗ್ ಗುಂಡಿಯ ಖರ್ಚು ಯಾರದು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಗಾಡಿ ಮನೆಗೆ ಬಂದ ಮೇಲೆ ಈ ಮಾತೆತ್ತಿದರೆ ಡೀಲರಿನವರು ಫೋನ್ ಎತ್ತುವುದೇ ಇಲ್ಲ.